ವಿಮಾನ ಇಳಿಯಿತು, ಕೆಲಸ ಎಲ್ಲಿ?

(ಸಿಂಗಟಗೆರೆಯ ಬಹಿರಂಗ ಸಭೆಯಲ್ಲಿ ಮಾಡಿದ ಭಾಷಣ)



ಸಿಂಗಟಗೆರೆಯಲ್ಲಿ ನಿಂತು ವಿಮಾನದ ಮಾತಾಡುವುದೆ ಎಂದು ತಮ್ಮಲ್ಲಿ ಕೆಲವರು ನಗಬಹುದು. ಮಳೆಗಾಗಿ ಮುಗಿಲು ನೋಡುವ ಬಯಲುಸೀಮೆಯ ಹೋಬಳಿ ಇದು. ಕಡೂರಿನ ಬಸ್ಸು ತಪ್ಪಿದರೆ ಮುಂದಿನ ಬಸ್ಸಿಗೆ ಕಾದು ಕೂರುವ ಜನ ನಾವು. ನಮಗೂ ವಿಮಾನಕ್ಕೂ ಏನು ನಂಟು?

ನಂಟು ಇದೆ. ನಮ್ಮ ಉತ್ತರಕ್ಕೆ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಎದ್ದು ನಿಂತಿದೆ. ದಕ್ಷಿಣಕ್ಕೆ ಹಾಸನದ ಭುವನಹಳ್ಳಿಯಲ್ಲಿ ಇನ್ನೊಂದಕ್ಕೆ ಕೈ ಹಾಕಿದ್ದಾರೆ. ನಮ್ಮ ಚಿಕ್ಕಮಗಳೂರು ಜಿಲ್ಲೆಗೂ ಒಂದು ಬೇಕು, ಸಣ್ಣ ವಿಮಾನ ಇಳಿಯುವಷ್ಟು ಜಾಗವಾದರೂ ಬೇಕು ಎಂಬ ಮಾತು ಹಲವು ವರ್ಷಗಳಿಂದ ನಡೆದಿದೆ. ಹೀಗೆ ಮಾತೆತ್ತಿದಾಗಲೆಲ್ಲ ಎರಡು ಆಸೆಗಳನ್ನು ಜನರ ಮುಂದೆ ಹಿಡಿಯುತ್ತಾರೆ: ಪ್ರವಾಸಿಗಳು ಬರುತ್ತಾರೆ, ಊರಿನ ಹುಡುಗರಿಗೆ ಕೆಲಸ ಸಿಗುತ್ತದೆ. ಈ ಎರಡು ಆಸೆಗಳ ಲೆಕ್ಕವನ್ನು ತಮ್ಮೆದುರು ಬಿಚ್ಚಿಡಬೇಕೆಂದು ನಾವು ಬಂದಿದ್ದೇವೆ.

ಮೊದಲೇ ಒಂದು ಮಾತು. ನಾವು ವಿಮಾನದ ವೈರಿಗಳಲ್ಲ. ದೂರದೇಶದಲ್ಲಿ ದುಡಿಯುವ ಮಗ ಕಾಯಿಲೆ ಬಿದ್ದ ತಾಯಿಯ ಮುಖ ನೋಡಲು ಬೇಗ ಬರುವುದಾದರೆ ಬೇಡವೆನ್ನಲು ನಾವು ಯಾರು? ಯಂತ್ರದ ಮೇಲೆ ನಮಗೆ ಕೋಪವಿಲ್ಲ. ಅದು ಯಾರ ದುಡ್ಡಿನಿಂದ ಬಂತು, ಅದರ ಫಲ ಯಾರ ಮನೆಗೆ ಹೋಗುತ್ತದೆ ಎಂದು ಕೇಳುವುದು ನಮ್ಮ ಕೆಲಸ.

ದುಡ್ಡು ಯಾರದು? ಸೋಗಾನೆಯ ನಿಲ್ದಾಣವನ್ನು ಕಟ್ಟುವ ಕೆಲಸವನ್ನು ಮೊದಲು ಖಾಸಗಿ ಕಂಪನಿಗೆ ಒಪ್ಪಿಸಿದ್ದರು. ವರ್ಷಗಳು ಉರುಳಿದವು, ನಿಲ್ದಾಣ ಏಳಲಿಲ್ಲ. ಕಡೆಗೆ ಸರ್ಕಾರವೇ ಮುಂದೆ ಬಂದು 2020ರಿಂದ ಕಟ್ಟಿಸಿತು. ಸುಮಾರು 450 ಕೋಟಿ ರೂಪಾಯಿ ಖರ್ಚಾಯಿತು. 3.2 ಕಿಲೋಮೀಟರ್ ಉದ್ದದ ಓಡುದಾರಿ. ರಾಜ್ಯದಲ್ಲಿ ಬೆಂಗಳೂರಿನದನ್ನು ಬಿಟ್ಟರೆ ಇದೇ ಉದ್ದ ಎಂದು ಹೇಳಿದರು. 2023ರ ಫೆಬ್ರವರಿ 27ರಂದು ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ಕುವೆಂಪು ಅವರ ಹೆಸರಿಟ್ಟರು. ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತು. ಖಾಸಗಿಯವರಿಂದ ಆಗದಿದ್ದುದು ಸರ್ಕಾರದ ಬೊಕ್ಕಸದಿಂದ ಆಯಿತು. ಆ ಬೊಕ್ಕಸ ತುಂಬಿದ್ದು ಯಾರಿಂದ? ಸೋಪಿಗೆ, ಬಟ್ಟೆಗೆ, ಬೆಂಕಿಪೊಟ್ಟಣಕ್ಕೆ ತೆರಿಗೆ ಕೊಟ್ಟವರಿಂದ. ವಿಮಾನದ ಬಾಗಿಲನ್ನೇ ನೋಡದ ತಮ್ಮಿಂದ.

ಹೀಗಿರುವಾಗ ಲೆಕ್ಕ ಕೇಳುವ ಹಕ್ಕು ಯಾರಿಗಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಪ್ರವಾಸಿಗಳ ಮಾತು. ಇಂಥ ಊರುಗಳಿಗೆ ಬರತಕ್ಕ ಚಿಕ್ಕ ವಿಮಾನದಲ್ಲಿ ಹೆಚ್ಚೆಂದರೆ 78 ಆಸನಗಳಿರುತ್ತವೆ. ನಮ್ಮ ಸಾರಿಗೆ ಬಸ್ಸಿನ ಲೆಕ್ಕದಲ್ಲಿ ಒಂದೂವರೆ ಬಸ್ಸಿನ ಜನ. ಇವರಲ್ಲಿ ನೆಂಟರ ಮನೆಗೆ, ಕಚೇರಿ ಕೆಲಸಕ್ಕೆ, ವ್ಯಾಪಾರಕ್ಕೆ ಬಂದವರನ್ನು ಕಳೆಯಿರಿ. ಉಳಿದವರಿಗೆ ಮೊದಲೇ ಗೊತ್ತುಮಾಡಿದ ಕಾರು ಬಾಗಿಲಲ್ಲಿ ನಿಂತಿರುತ್ತದೆ. ಅದು ಬೆಟ್ಟದ ಮೇಲಿನ ರೆಸಾರ್ಟಿಗೆ ಹೋಗುತ್ತದೆ. ಊಟ, ತಿಂಡಿ, ಮಲಗುವುದು ಎಲ್ಲ ಅಲ್ಲೇ. ಕಡೂರಿನ ಚಹದಂಗಡಿಯವನಿಗೆ, ಎಳನೀರು ಮಾರುವವನಿಗೆ ಕಾಣುವುದು ಮುಚ್ಚಿದ ಗಾಜು ಮತ್ತು ಎದ್ದ ಧೂಳು.

ಇನ್ನೊಂದು ಕಡೆ ನೋಡಿರಿ. 2023ರ ಜೂನ್ 11ರಂದು ನಮ್ಮ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಆರಂಭವಾಯಿತು. ಹುಟ್ಟಿದೂರು ಬಿಟ್ಟು ಹೊರಗೆ ಕಾಲಿಡದಿದ್ದ ಅಜ್ಜಿಯರು ಹೊರನಾಡು, ಶೃಂಗೇರಿ, ಧರ್ಮಸ್ಥಳ ನೋಡಿ ಬಂದರು. ಅವರು ಬಸ್ ನಿಲ್ದಾಣದಲ್ಲಿ ಇಳಿಯುತ್ತಾರೆ, ಚಹ ಕುಡಿಯುತ್ತಾರೆ, ಬಾಳೆಹಣ್ಣು ಕೊಳ್ಳುತ್ತಾರೆ, ಮೊಮ್ಮಗಳಿಗೆ ಬಳೆ ಕೊಳ್ಳುತ್ತಾರೆ. ಇವರನ್ನು ಪ್ರವಾಸಿಗಳೆಂದು ಯಾವ ಮಂತ್ರಿಯೂ ಭಾಷಣದಲ್ಲಿ ಕರೆಯುವುದಿಲ್ಲ. ಆದರೆ ಸಣ್ಣ ವ್ಯಾಪಾರಿಯ ಗಲ್ಲಾಪೆಟ್ಟಿಗೆಗೆ ಗೊತ್ತು, ಪ್ರವಾಸಿ ಯಾರೆಂದು.

ವಿಮಾನವಾದರೂ ನೆಚ್ಚಿಕೊಳ್ಳುವಂತಿದೆಯೆ? ಚಿಕ್ಕ ಊರುಗಳಿಗೆ ವಿಮಾನ ಹಾರಿಸಲು ಕೇಂದ್ರ ಸರ್ಕಾರ 2016ರಲ್ಲಿ ಉಡಾನ್ ಯೋಜನೆ ತಂದಿತು. ಕಂಪನಿಗೆ ಆಗುವ ಕೊರತೆಯನ್ನು ಮೂರು ವರ್ಷ ಸಹಾಯಧನ ಕೊಟ್ಟು ತುಂಬುವುದು ಅದರ ಕ್ರಮ. 2023ರಲ್ಲಿ ದೇಶದ ಮಹಾಲೇಖಪಾಲರು ಇದರ ಲೆಕ್ಕ ತೆಗೆದರು. ಮೂರನೆಯ ಸುತ್ತಿನವರೆಗೆ ಹಂಚಿದ ಮಾರ್ಗಗಳು 774. ಅವುಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದವು 112. ಆ ಅವಧಿ ಮುಗಿದ ಮೇಲೂ 2023ರ ಮಾರ್ಚಿಯಲ್ಲಿ ನಡೆಯುತ್ತಿದ್ದವು 54. ಅಂಗಡಿಯವರು ಇಲ್ಲಿ ಬಹಳ ಮಂದಿ ಇದ್ದೀರಿ. 774 ರೂಪಾಯಿ ಸಾಲ ಕೊಟ್ಟು 54 ರೂಪಾಯಿ ಕೈಗೆ ಬಂದರೆ ಅಂಗಡಿ ಎಷ್ಟು ದಿನ ನಡೆದೀತು? ಮೈಸೂರಿನ ಮಂಡಕಳ್ಳಿಯನ್ನೇ ತೆಗೆದುಕೊಳ್ಳಿರಿ. 2010ರಲ್ಲಿ ಅಲ್ಲಿ ವಿಮಾನ ಬಂತು, ನಿಂತಿತು. ಮತ್ತೆ ಬಂತು, ಮತ್ತೆ ನಿಂತಿತು. ಅರಮನೆ, ದಸರ ಇರುವ ಊರಿಗೇ ಈ ಗತಿಯಾದರೆ, ವಿಮಾನವೊಂದನ್ನೇ ನಂಬಿ ಸಾಲ ಮಾಡಿ ವಸತಿಗೃಹ ಕಟ್ಟುವ ಸಣ್ಣವನು ಎರಡು ಸಲ ಯೋಚಿಸತಕ್ಕದ್ದು.

ಇನ್ನು ಕೆಲಸದ ಮಾತು. ಇದನ್ನು ಗಿರಣಿಯಲ್ಲಿ ದುಡಿಯುವ ಸೋದರರು ಕಿವಿಗೊಟ್ಟು ಕೇಳಬೇಕು.

ಸೋಗಾನೆಗೆ ನೆರೆಯೂರು ಭದ್ರಾವತಿ. 1923ರಿಂದ ಅಲ್ಲಿ ಕಬ್ಬಿಣ ಕರಗಿತು. ಆ ಕುಲುಮೆಗೆ ಅದಿರು ಹೋದದ್ದು ನಮ್ಮ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ. ಅದರ ಪಕ್ಕದಲ್ಲೇ 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಎದ್ದಿತು. ಸಾವಿರಾರು ಕುಟುಂಬಗಳು ಈ ಎರಡರಿಂದ ಅನ್ನ ಉಂಡವು, ಮಕ್ಕಳನ್ನು ಓದಿಸಿದವು, ಮನೆ ಕಟ್ಟಿದವು. ಸುತ್ತಿನ ಸಂತೆಗಳಿಗೆ ಸಂಬಳದ ದಿನವೇ ಹಬ್ಬವಾಗಿತ್ತು. 2015ರಲ್ಲಿ ಕಾಗದದ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅದರ ಮರುತಿಂಗಳೇ ಕೆಲವೇ ಮೈಲಿಗಳಾಚೆ ವಿಮಾನ ನಿಲ್ದಾಣದ ಉದ್ಘಾಟನೆ! ಆಮೇಲೆ ಕಾರ್ಖಾನೆಯನ್ನು ಉಳಿಸುವ ಭರವಸೆಗಳು ಒಂದರ ಮೇಲೊಂದು ಬಂದಿವೆ. ಭರವಸೆಯಿಂದ ಒಲೆ ಉರಿಯುವುದಿಲ್ಲ. ಅದಿರು ಕೊಟ್ಟ ಕೆಮ್ಮಣ್ಣುಗುಂಡಿ ಇಂದು ಪ್ರವಾಸಿಗಳು ನೋಡಿ ಹೋಗುವ ಗುಡ್ಡ. ನಮ್ಮ ನಾಡು ನೋಡುವುದಕ್ಕೆ ಚೆಂದ, ದುಡಿಯುವುದಕ್ಕೆ ಕೆಲಸವಿಲ್ಲ ಎಂಬಂತಾದರೆ ಅದನ್ನು ಪ್ರಗತಿ ಎನ್ನೋಣವೆ?

ವಿಮಾನ ನಿಲ್ದಾಣದಲ್ಲಿ ಕೆಲಸ ಇಲ್ಲವೆಂದು ನಾವು ಹೇಳುವುದಿಲ್ಲ. ಕಾವಲು, ಬೆಂಕಿ ಆರಿಸುವ ದಳ, ಸಾಮಾನು ಏರಿಸಿ ಇಳಿಸುವುದು, ಗುಡಿಸಿ ಒರೆಸುವುದು, ಟಿಕೆಟ್ಟಿನ ಮೇಜು, ಊಟದ ಅಂಗಡಿ, ಬಾಡಿಗೆ ಕಾರು: ಇವೆಲ್ಲ ಕೆಲಸಗಳೇ. ಆದರೆ ಇವುಗಳಲ್ಲಿ ಖಾಯಂ ಎಷ್ಟು, ಹೊರಗುತ್ತಿಗೆ ಎಷ್ಟು? ಗುತ್ತಿಗೆದಾರ ಯಾರು? ಭವಿಷ್ಯನಿಧಿ ಕಟ್ಟುತ್ತಾನೆಯೆ, ಇಎಸ್‌ಐ ಚೀಟಿ ಕೊಡುತ್ತಾನೆಯೆ? ಸುತ್ತಿನ ಹಳ್ಳಿಗಳವರು ಎಷ್ಟು ಮಂದಿ? ಭೂಮಿ ಬಿಟ್ಟುಕೊಟ್ಟವರ ಮಗನಿಗೆ ಕಸಬರಿಕೆ ಕೊಟ್ಟು ಉದ್ಯೋಗ ಕೊಟ್ಟೆವೆಂದರೆ ನಾವು ಒಪ್ಪತಕ್ಕವರಲ್ಲ. ಕಸಬರಿಕೆ ಹೀನವೆಂದಲ್ಲ, ಅದನ್ನು ಹಿಡಿದವನಿಗೂ ಖಾಯಂ ಸಂಬಳ ಬೇಕೆಂದು.

ಭೂಮಿಯ ಮಾತು ಬಂತು. ಸೋಗಾನೆಯಲ್ಲಿ ನಿಲ್ದಾಣಕ್ಕಾಗಿ ಜಮೀನು ಕಳೆದುಕೊಂಡವರಿಗೆ ನಿವೇಶನ ಕೊಡುತ್ತೇವೆಂದು ಹೇಳಿದ್ದರು. ಹೇಳಿದ್ದನ್ನು ಕೊಡಿರೆಂದು ಕೇಳಲು ಅವರು ಧರಣಿ ಕೂರಬೇಕಾಯಿತು. ಅದೇ ಶಿವಮೊಗ್ಗ ಜಿಲ್ಲೆಯ ಕಾಗೋಡನ್ನು ತಾವು ಬಲ್ಲಿರಿ. 1951ರಲ್ಲಿ ಅಲ್ಲಿನ ಗೇಣಿದಾರರು ಎದ್ದು ನಿಂತದ್ದು ಯಾತಕ್ಕೆ? ಗೇಣಿ ಅಳೆಯುವ ಕೊಳಗ ಸರಿಯಿಲ್ಲ ಎಂಬುದಕ್ಕೆ. ಧಣಿಯ ಕೊಳಗ ದೊಡ್ಡದು, ಗೇಣಿದಾರನ ಹೊಟ್ಟೆ ಸಣ್ಣದು. ಶಾಂತವೇರಿ ಗೋಪಾಲಗೌಡರು ಅವರ ಜೊತೆ ನಿಂತರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಸೆರೆಯಾದರು. ಅವರು ಕೇಳಿದ್ದು ದಾನವಲ್ಲ, ನ್ಯಾಯವಾದ ಅಳತೆ. ಇಂದು ವಿಮಾನ ನಿಲ್ದಾಣವನ್ನು ಅಳೆಯುವುದಕ್ಕೂ ನಮಗೆ ನ್ಯಾಯವಾದ ಕೊಳಗ ಬೇಕು. ಓಡುದಾರಿ ಎಷ್ಟು ಉದ್ದ ಎಂಬುದು ಅವರ ಕೊಳಗ. ಎಷ್ಟು ಮನೆಗಳಲ್ಲಿ ಸಂಬಳ ಬಂತು ಎಂಬುದು ನಮ್ಮ ಕೊಳಗ.

ಆದ್ದರಿಂದ ಈ ಸಭೆಯ ಮುಂದೆ ನಾವು ಐದು ಬೇಡಿಕೆಗಳನ್ನು ಇಡುತ್ತೇವೆ.

ಒಂದು: ಯಾವುದೇ ನಿಲ್ದಾಣವನ್ನು ವಿಸ್ತರಿಸುವ ಮೊದಲು, ಹಿಂದೆ ಭೂಮಿ ಕೊಟ್ಟವರ ಋಣ ತೀರಿಸಬೇಕು. ನಿವೇಶನದ ಪತ್ರ ಕೈಗೆ ಬಂದ ಮೇಲೆ ಮುಂದಿನ ಎಕರೆಯ ಮಾತು.

ಎರಡು: ನಿಲ್ದಾಣದ ಎಲ್ಲ ಕೆಲಸಗಳ ಪಟ್ಟಿಯನ್ನು, ಸಂಬಳವನ್ನು, ಗುತ್ತಿಗೆದಾರನ ಹೆಸರನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಸ್ಥಳೀಯರಿಗೆ ಮೊದಲ ಹಕ್ಕು ಇರಬೇಕು. ವರ್ಷವಿಡೀ ನಡೆಯುವ ಕೆಲಸ ಖಾಯಂ ಆಗಬೇಕು.

ಮೂರು: ವಿಮಾನದ ವೇಳೆಗೆ ಹೊಂದುವಂತೆ ಸೋಗಾನೆಯಿಂದ ತರೀಕೆರೆ, ಬೀರೂರು, ಕಡೂರಿಗೆ ಸರ್ಕಾರಿ ಬಸ್ಸು ಇರಬೇಕು. 1196ರ ಹೊಯ್ಸಳ ದೇಗುಲವಿರುವ ಅಮೃತಾಪುರ, ಅಜ್ಜಂಪುರದ ಅಮೃತಮಹಲ್ ದನಗಳ ಕೇಂದ್ರ, ಸಖರಾಯಪಟ್ಟಣದ ಅಯ್ಯನಕೆರೆ, ಲಕ್ಷ್ಮೀಶ ಕವಿಯ ದೇವನೂರು, ಇವೆಲ್ಲ ನಮ್ಮ ಸೀಮೆಯವೇ. ಬಂದವರು ಬಸ್ಸಿನಲ್ಲಿ ಸುತ್ತಿದರೆ ಹತ್ತು ಊರಿನ ಅಂಗಡಿಗಳು ಬದುಕುತ್ತವೆ.

ನಾಲ್ಕು: ನಿಲ್ದಾಣದೊಳಗಿನ ಮಳಿಗೆಗಳಲ್ಲಿ ಒಂದು ಪಾಲನ್ನು ರೈತರ ಸಹಕಾರ ಸಂಘಗಳಿಗೂ ಮಹಿಳಾ ಸಂಘಗಳಿಗೂ ಕಡಿಮೆ ಬಾಡಿಗೆಗೆ ಕೊಡಬೇಕು. ನಮ್ಮ ತೆಂಗು, ಅಡಿಕೆ, ಕಾಫಿ ಅಲ್ಲಿ ನಮ್ಮವರ ಕೈಯಿಂದಲೇ ಮಾರಾಟವಾಗಲಿ.

ಐದು: ನಮ್ಮ ಜಿಲ್ಲೆಯಲ್ಲಿ ಹೊಸ ನಿಲ್ದಾಣಕ್ಕೆ ಜಾಗ ಗುರುತಿಸುವ ಮೊದಲು ಗ್ರಾಮಸಭೆ ಕರೆಯಬೇಕು. ಉತ್ತರಕ್ಕೊಂದು, ದಕ್ಷಿಣಕ್ಕೊಂದು ಇರುವಾಗ ನಡುವೆ ಮತ್ತೊಂದು ಯಾತಕ್ಕೆಂದು ಲೆಕ್ಕ ಸಹಿತ ಹೇಳಬೇಕು. ಆ ದುಡ್ಡಿನಲ್ಲಿ ಎಷ್ಟು ಕೆರೆ ತುಂಬೀತು, ಎಷ್ಟು ಬಸ್ಸು ಓಡೀತು ಎಂಬುದನ್ನೂ ಅದೇ ಕಾಗದದ ಮೇಲೆ ಬರೆಯಬೇಕು.

ಬಂಧುಗಳೆ, ಮಂಗಳೂರಿನ ನಿಲ್ದಾಣವನ್ನು 2020ರಲ್ಲಿ 50 ವರ್ಷಕ್ಕೆ ಅದಾನಿ ಕಂಪನಿಗೆ ವಹಿಸಿದ್ದನ್ನು ನಾವು ನೋಡಿದ್ದೇವೆ. ಜನರ ದುಡ್ಡಿನಲ್ಲಿ ಕಟ್ಟಿದ್ದು ಜನರ ಕೈ ಬಿಟ್ಟ ಮೇಲೆ ಲೆಕ್ಕ ಕೇಳುವುದು ಕಷ್ಟ. ಸೋಗಾನೆ ಇನ್ನೂ ರಾಜ್ಯದ ಕೈಯಲ್ಲಿದೆ. ಕೇಳುವುದಾದರೆ ಈಗಲೇ ಕೇಳಬೇಕು. ಈ ಐದು ಬೇಡಿಕೆಗಳ ಕಾಗದ ಇಲ್ಲಿದೆ. ಒಪ್ಪಿದವರು ಸಹಿ ಹಾಕಿರಿ, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿರಿ. ಇದನ್ನು ಜಿಲ್ಲಾಧಿಕಾರಿಗಳ ಕೈಗೆ ಕೊಡುವ ದಿನ ತಾವೂ ನಮ್ಮ ಜೊತೆ ಬನ್ನಿರಿ. ಬಸ್ಸಿನಲ್ಲೇ ಹೋಗೋಣ.