ಹೋಗಿ ಬರ್ತೀನಿ

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲಕ್ಕೆ ಅಮ್ಮಾಜಾನ್ ಬಾವಾಜಾನ್ ದರ್ಗಾ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಈ ಸೀಮೆಯಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ದಖ್ಖನಿ ಉರ್ದು. ಬಂದ ನೆಂಟರು ಹೊರಡುವಾಗ ‘ಹೋಗಿ ಬರ್ತೀನಿ’ ಅನ್ನುತ್ತಾರೆ. ತೆಲುಗಿನವರು ‘ಪೊಯ್ಯೊಸ್ತಾ’, ಉರ್ದುವಿನವರು ‘ಜಾಕೆ ಆತೂಂ’. ಮೂರರಲ್ಲೂ ಮರಳಿ ಬರುವ ಮಾತಿದೆ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ‘ಐ ವಿಲ್ ಗೋ ಅಂಡ್ ಕಮ್’ ಅಂದರೆ ಹೊರಗಿನವರಿಗೆ ಗಲಿಬಿಲಿ. ಇಂಗ್ಲಿಷಿನಲ್ಲಿ ‘ಸೀ ಯೂ’ ಸಾಕು.

ಮಾತಿನಲ್ಲಾದರೆ ಇದು ಬರೀ ಗಲಿಬಿಲಿ. ಬ್ಯಾಂಕಿನಲ್ಲಿ ಮಾತ್ರ ಇಂಗ್ಲಿಷ್ ಪದ ತಪ್ಪಿದರೆ ಕೆಲಸವೇ ಕೆಡುತ್ತದೆ. ದುಡ್ಡು ಕಟ್ಟುವುದು ‘ಡಿಪಾಸಿಟ್’, ತೆಗೆಯುವುದು ‘ವಿತ್‌ಡ್ರಾ’. ಒಂದರ ಚೀಟಿಯಲ್ಲಿ ಇನ್ನೊಂದನ್ನು ಬರೆದು, ಅರ್ಧ ದಿನದ ಕೂಲಿ ಬಿಟ್ಟು ಬಂದವರು ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುವುದನ್ನು ಕಂಡಿದ್ದೇನೆ. ಪಾಸ್‌ಬುಕ್ಕಿನಲ್ಲಿ ‘ಕ್ರೆಡಿಟ್’ ಅಂದರೆ ಜಮಾ, ‘ಡೆಬಿಟ್’ ಅಂದರೆ ಖಾತೆಯಿಂದ ಹೋದದ್ದು. ಚೆಕ್ಕಿನ ಮೇಲೆ ‘ಸೆಲ್ಫ್’ ಎಂದು ಬರೆದರೆ ನಮಗೇ ನಗದು. ‘ಅಕೌಂಟ್ ಪೇಯಿ’ ಎಂದು ಗೆರೆ ಎಳೆದರೆ ಕೈಗೆ ನಗದು ಸಿಗದು, ಹೆಸರಿರುವವರ ಖಾತೆಗೇ ಹೋಗುತ್ತದೆ. ಇಷ್ಟು ಕಲಿತರೆ ಬಹಳ ಧೈರ್ಯ ಬರುತ್ತದೆ.

ಕಲಿಯದವರು ತಲೆ ತಗ್ಗಿಸಬೇಕಿಲ್ಲ. ಗ್ರಾಹಕರ ಚೀಟಿ, ಅರ್ಜಿಗಳು ಇಂಗ್ಲಿಷ್, ಹಿಂದಿಯ ಜೊತೆ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಚೆಕ್ಕನ್ನು ಕನ್ನಡದಲ್ಲೇ ಬರೆಯಬಹುದು. ಇಂದು ಬ್ಯಾಂಕಿಗೆ ಹೊರಟಿದ್ದರೆ ಕನ್ನಡದ ಚೀಟಿ ಕೇಳಿ ನೋಡಿ. ಪಕ್ಕದಲ್ಲಿ ನಿಂತ ಅಜ್ಜಿಗೂ ಒಂದು ತುಂಬಿಕೊಡಿ.