ಹುಡುಗರು ಶಾಲೆ ಬಿಡುವ ಮೊದಲು



ಕೊಡಗಿನ ಕೊಡ್ಲಿಪೇಟೆ ಕಡೆ ಜನವರಿ ಬಂತೆಂದರೆ ರೋಬಸ್ಟಾ ಕಾಫಿ ಕೊಯ್ಲು, ಅದರ ಬೆನ್ನಿಗೇ ಮೆಣಸು. ತೋಟಕ್ಕೆ ಎಷ್ಟು ಆಳಿದ್ದರೂ ಸಾಲದು. ಹಣ್ಣು ಕೊಯ್ದವರಿಗೆ ಅನೇಕ ಕಡೆ ಕೆ.ಜಿ. ಲೆಕ್ಕದಲ್ಲಿ ಕೂಲಿ, ಮನೆಯಿಂದ ಒಬ್ಬರು ಹೆಚ್ಚು ಹೋದಷ್ಟೂ ಲಾಭ. ತೋಟದ ಕೂಲಿಯವರ ಸಾಲುಮನೆಯ ಹುಡುಗ ಮೊದಲು ಭಾನುವಾರ ಹೋಗುತ್ತಾನೆ, ಆಮೇಲೆ ಸೋಮವಾರವೂ ಸೇರುತ್ತದೆ. ಎಸ್‌ಎಸ್‌ಎಲ್‌ಸಿ ತಯಾರಿಯ ದಿನಗಳೂ ಇವೇ. ಶಾಲೆ ಬಿಟ್ಟನೆಂಬ ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ಅವನು ಪಾಠದಿಂದ ಬಹಳ ದೂರ ಹೋಗಿರುತ್ತಾನೆ.

ಬಡತನವೊಂದೇ ಕಾರಣವೇ? ಅದೇ ಸಾಲುಮನೆಗಳಿಂದ ಹೆಣ್ಣುಮಕ್ಕಳೂ ಬರುತ್ತಾರೆ. ಮನೆಗೆಲಸ, ಬೇಗ ಮದುವೆ ಎಂಬ ಅಡ್ಡಿಗಳು ಅವರಿಗೂ ಇವೆ. ಆದರೂ 2024ರ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯದ ಹುಡುಗಿಯರು ಶೇ. 81.11 ತೇರ್ಗಡೆಯಾದರೆ, ಹುಡುಗರು ಶೇ. 65.90. ಪ್ರಾಥಮಿಕ ತರಗತಿಯಲ್ಲೇ ಓದು ಕೈಕೊಟ್ಟ ಹುಡುಗನಿಗೆ ಒಂಬತ್ತನೆಯ ತರಗತಿಯಲ್ಲಿ ಎದ್ದು ನಿಂತು ಓದುವುದೆಂದರೆ ಅವಮಾನ. ತೋಟದಲ್ಲೋ ಗ್ಯಾರೇಜಿನಲ್ಲೋ ಅವನನ್ನು ‘ಗಟ್ಟಿಗ’ ಅನ್ನುತ್ತಾರೆ, ಸಂಜೆಗೆ ಕೈಗೆ ಕಾಸು ಬರುತ್ತದೆ. ಗಂಡುಹುಡುಗ ದುಡಿದರೆ ಮನೆಯಲ್ಲೂ ಯಾರೂ ಬೇಡವೆನ್ನುವುದಿಲ್ಲ. ಇದು ನಮ್ಮ ಕಡೆಯ ಮಾತಷ್ಟೇ ಅಲ್ಲ: ಜಗತ್ತಿನಲ್ಲಿ 13 ಕೋಟಿಗೂ ಹೆಚ್ಚು ಗಂಡುಮಕ್ಕಳು ಶಾಲೆಯ ಹೊರಗಿದ್ದಾರೆಂದು ಯುನೆಸ್ಕೋ 2022ರಲ್ಲಿ ಹೇಳಿತು.

ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಆರರಿಂದ ಹದಿನಾಲ್ಕು ವರ್ಷದವರಿಗೆ. ಹುಡುಗನ ತೋಳಿಗೆ ಕಸುವು ಬರುವ ವಯಸ್ಸಿಗೇ ಅದು ಮುಗಿಯುತ್ತದೆ. ಮುಂದಿನ ಹೊಣೆ ನಮ್ಮದು.

ಏನು ಮಾಡಬಹುದು? ಹುಡುಗ ಎರಡು ದಿನ ಬಾರದಿದ್ದರೆ ಅದೇ ವಾರ ಮನೆಗೆ ಹೋಗಿ ವಿಚಾರಿಸಬೇಕು. ಅಪ್ಪ ಕೆಲಸದಿಂದ ಬಂದಿರುವ ಸಂಜೆ ಹೊತ್ತು ಒಳ್ಳೆಯದು. ಶಾಲಾಭಿವೃದ್ಧಿ ಸಮಿತಿಯವರು ಕೊಯ್ಲಿಗೆ ಮುಂಚೆಯೇ ತೋಟದ ಮಾಲೀಕರನ್ನೂ ಮೇಸ್ತ್ರಿಗಳನ್ನೂ ಕಂಡು, ಶಾಲೆಯ ದಿನ ಹುಡುಗರನ್ನು ಕರೆಯಬೇಡಿ ಎಂದು ಒಪ್ಪಿಸಬೇಕು. ಓದಲು ತಡವರಿಸುವವನಿಗೆ ಎಲ್ಲರೆದುರು ಬೈಗುಳ ಬೇಡ. ಬೇರೆಯಾಗಿ ಕೂರಿಸಿ ಕಾಗುಣಿತದಿಂದಲೇ ಕಲಿಸಿ. ಹಾಕಿ, ಕಬಡ್ಡಿ ತಂಡದಲ್ಲಿ ಜಾಗ ಕೊಡಿ. ಆಟಕ್ಕಾಗಿ ಬಂದವನು ಪಾಠಕ್ಕೂ ಉಳಿಯುತ್ತಾನೆ. ವಲಸೆ ಬಂದ ಮಗುವಿಗೆ ವರ್ಗಾವಣೆ ಪತ್ರ ತಡವಾಯಿತೆಂದು ದಾಖಲಾತಿ ನಿರಾಕರಿಸುವಂತಿಲ್ಲ, ಅದು ಕಾನೂನು.

ಹದಿನಾಲ್ಕು ತುಂಬದ ಮಗುವನ್ನು ಕೂಲಿಗೆ ಇಟ್ಟುಕೊಂಡಿರುವುದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಇನ್ನು ಎಸ್‌ಎಸ್‌ಎಲ್‌ಸಿಯಲ್ಲಿ ಫೇಲಾದವನ ಮನೆಯವರಿಗೆ ಒಂದು ಮಾತು: 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಫಲಿತಾಂಶ ಬಂದ ವಾರವೇ ಅವನನ್ನು ಶಾಲೆಗೆ ಕರೆದೊಯ್ದು ಮುಂದಿನ ಪರೀಕ್ಷೆಗೆ ಹೆಸರು ಬರೆಸಿ.