ಸುಣ್ಣಕಲ್ಲಿನ ಓಟ, ಶಿವಗಂಗೆಯ ಬಂಡೆ

ಸ್ಪೇನ್ ದೇಶದ ಸೆಗಾಮಾ ಎಂಬ ಊರಿನಲ್ಲಿ 2002ರಲ್ಲಿ ಬೆಟ್ಟದ ಮ್ಯಾರಥಾನ್ ಆರಂಭವಾಯಿತು. ದೂರ 42 ಕಿ.ಮೀ. ಅಲ್ಲಿಯ ಐಸ್ಕೊರಿ ಬೆಟ್ಟ ಸುಣ್ಣಕಲ್ಲಿನದು. ಮಳೆನೀರು ಆ ಕಲ್ಲನ್ನು ಕರಗಿಸಿ, ಕೊರೆದು ಒಳಗೇ ಇಳಿದುಹೋಗುತ್ತದೆ. ಓಟಗಾರನ ಪಾದಕ್ಕೆ ಸಿಗುವುದು ಮೊನಚು ಕಲ್ಲು.

ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಮಾತೇ ಬೇರೆ. ಗ್ರಾನೈಟ್ ಸುಲಭಕ್ಕೆ ಕರಗದು. ಹಾಸುಬಂಡೆಯ ಮೇಲೆ ನೀರು ಜಾರಿ ಬುಡದತ್ತ ಹರಿಯುತ್ತದೆ. ಮಳೆ ಬಿದ್ದ ದಿನ ಕಾಲೂ ಹಾಗೆಯೇ ಜಾರೀತು! ಹತ್ತುವಾಗಿಗಿಂತ ಇಳಿಯುವಾಗಲೇ ಅಪಾಯ ಹೆಚ್ಚು. ಬೆಂಗಳೂರಿನಿಂದ ಓಡಲು ಬರುವ ಯುವಕರು ಇದನ್ನು ಅರಿತಿರಬೇಕು.

ಮೆಟ್ಟಿಲು, ಕಬ್ಬಿಣದ ಕಂಬಿಗಳಿರುವುದು ಯಾತ್ರಿಕರಿಗಾಗಿ. ಸಂಕ್ರಾಂತಿಯಂದು ಗಂಗಾಧರೇಶ್ವರನ ಕಲ್ಯಾಣಕ್ಕೆ ತುದಿಯಿಂದ ತೀರ್ಥ ಇಳಿಯುವುದೂ ಇದೇ ಬೆಟ್ಟದಿಂದ. ಆ ದಿನ ಅಲ್ಲಿ ಓಟಕ್ಕೆ ಜಾಗವೇ ಇರದು.